ನಾನು ಹಾಕಿದ ಅಗಳಿ

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಆಡಿನ ಕಾಲಿನ ಗಾಯಕ್ಕೆ ಹಚ್ಚಲು ಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯ್ದು, ಅದಕ್ಕೆ ಬೇವಿನೆಣ್ಣೆ ಬಿಟ್ಟಳು. ನಾನು ಪಕ್ಕದಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದೆ. ವಾಸನೆ ಬಂತು. ತಟ್ಟೆ ಬಿಟ್ಟು ಎದ್ದೆ.

"ಯಾಕ್ ಎದ್ರಿ? ಸಾರು ಖಾರ ಆಯ್ತಾ?" ಅಂದಳು.

ಏನೂ ಇಲ್ಲ ಅಂದೆ. ಅರಿಶಿನ ಒಂದೇ ಆದರೆ ಏನೂ ಆಗುವುದಿಲ್ಲ, ದಿನಾ ಸಾರಿಗೆ ಬೀಳುತ್ತದೆ. ಬೇವಿನೆಣ್ಣೆ ಒಂದೇ ಆದರೂ ಏನೂ ಇಲ್ಲ, ದಿನಾ ಹಂದಿಗಳಿಗೆ ಹಚ್ಚುತ್ತೇನೆ. ಎರಡೂ ಸೇರಿದರೆ ನನಗೆ ಅಲ್ಲಿ ಕೂರಲು ಆಗುವುದಿಲ್ಲ. ಹೊರಗೆ ಹೋಗಿ ಹುಣಸೆ ಮರದ ಕೆಳಗೆ ನಿಂತೆ. ಅಲ್ಲಿಂದ ಮೇಲಿನ ದಿಬ್ಬದ ಮನೆ ಕಾಣುತ್ತದೆ. ಅದು ಅತ್ತೆಯ ಮನೆ.

ಅತ್ತೆ ಅಂದರೆ ರಕ್ತ ಸಂಬಂಧ ಅಲ್ಲ. ನಮ್ಮ ಮನೆ ಇರುವುದು ಮಾರ್ಟಳ್ಳಿಯಿಂದ ಒಂದೂವರೆ ಮೈಲಿ ಈಚೆ, ಹೊಲದಲ್ಲೇ. ನಾವು ಮಾದಪ್ಪನ ಒಕ್ಕಲು, ಕನ್ನಡ ಮಾತಾಡುವವರು. ಅವರು ಇಗರ್ಜಿಗೆ ಹೋಗುವವರು, ಮನೆ ಒಳಗೆ ತಮಿಳು. ಎರಡು ಹೊಲಕ್ಕೂ ಒಂದೇ ಬದು. ಅಪ್ಪ ಅವಳನ್ನು ಅಕ್ಕ ಅಂತ ಕರೆಯುತ್ತಿದ್ದ, ಅದಕ್ಕೆ ನನಗೆ ಅತ್ತೆ. ಅವಳು ನನ್ನನ್ನು ಮಾಪ್ಳೆ ಅನ್ನುತ್ತಿದ್ದಳು. ತಮಿಳಲ್ಲಿ ಅಳಿಯ ಅಂತ. ಅವಳಿಗೆ ಹೆಣ್ಣು ಮಕ್ಕಳೇ ಇರಲಿಲ್ಲ. ಇದ್ದವನು ಒಬ್ಬ ಮಗ, ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ. ಗಂಡ ಸತ್ತು ಬಹಳ ವರ್ಷ ಆಗಿತ್ತು. ಅವಳು ಹಂದಿ ಸಾಕಿ ಬದುಕಿದವಳು.

ಕುಳ್ಳಗೆ, ಕಪ್ಪಗೆ, ಕೈಕಾಲು ಗಟ್ಟಿ. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಯಾವುದೋ ಕಾಲದಲ್ಲಿ ಗಂಡು ಹಂದಿ ಕಚ್ಚಿದ್ದು. ಯಾರಾದರೂ ಕೇಳಿದರೆ ಆ ಕೈಯನ್ನೇ ಎತ್ತಿ ತೋರಿಸಿ, "ಉಂಗ್ರದ ಕರ್ಚು ಉಳೀತು ಬುಡು" ಅನ್ನುತ್ತಿದ್ದಳು.

ನಮ್ಮ ಮನೆಗೆ ಹಂದಿ ಬಂದಾಗ ನನಗೆ ಇಪ್ಪತ್ತು ವರ್ಷ. ನಮ್ಮ ಕಡೆ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ಆಗಿದ್ದರೂ ಅಪ್ಪ ಇನ್ನೂ ಕೊಯಮತ್ತೂರು ಕಚೇರಿ ಅಂತಲೇ ಮಾತಾಡುತ್ತಿದ್ದ ಕಾಲ. ಗ್ರಾಮಸೇವಕರು ಒಂದು ದಿನ ಸೈಕಲ್ ತಳ್ಳಿಕೊಂಡು ಬಂದರು. ಸರ್ಕಾರದಿಂದ ಸೀಮೆ ಹಂದಿ ಕೊಡುತ್ತಾರೆ, ಸಾಕುತ್ತೀರಾ ಅಂತ ಊರೂರು ಕೇಳಿದ್ದರು. ಯಾರೂ ಒಪ್ಪಿರಲಿಲ್ಲ.

"ಗೌಡ್ರು ಬ್ಯಾಡ ಅಂದ್ರಾ ಸಾ?" ಅಂತ ಅಪ್ಪ ಕೇಳಿದ.

"ಬೇಡ ಅಂದ್ರು. ಮೈಲಿಗೆ ಅಂತೆ. ಇದು ಊರ ಹಂದಿ ಅಲ್ಲ ಕಣಪ್ಪ, ಹೊಲಸು ತಿನ್ನಲ್ಲ. ಹಿಟ್ಟು ಬೂಸ ತಿನ್ನುತ್ತೆ."

"ಅಂಗಾದ್ರೆ ನಮ್ಮಂಗೆ ಅನ್ನಿ. ಕೊಟ್ಬುಡಿ."

ಅವ್ವ ಒಳಗಿಂದಲೇ ಅಂದಳು: "ಕೊಡ್ಲಿ ಕೊಡ್ಲಿ. ಬಂಡಳ್ಳಿಯಿಂದ ನನ್ ತಮ್ಮ ಬಂದ್ರೆ ನೀರೂ ಕುಡಿಯಲ್ಲ. ಅಷ್ಟು ಉಳೀತದ."

ಹಾಗೇ ಆಯಿತು. ಆಮೇಲೆ ಮಾವ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ.

ಹಂದಿ ಗಾಡಿಯಲ್ಲಿ ಬಂತು, ನಾಲ್ಕು ಕಾಲು ಕಟ್ಟಿ. ಬೆಳ್ಳಗೆ, ಉದ್ದಕ್ಕೆ, ವರ್ಷದ ಕರುವಿಗಿಂತ ದೊಡ್ಡದು. ಕೂಗು ಕೇಳಿ ಎತ್ತುಗಳು ಬೆದರಿ ಗಾಡಿ ಬದುವಿಗೆ ಹತ್ತಿಸಿದವು. ಹಗ್ಗ ಬಿಚ್ಚಿದೆವು. ಎದ್ದು ನಿಂತು ನನ್ನನ್ನು ನೋಡಿತು. ರೆಪ್ಪೆ ಬಿಳಿ, ಕಣ್ಣು ಸಣ್ಣದು. ಮನುಷ್ಯರ ಕಣ್ಣಿನ ಹಾಗೆ. ಎತ್ತು ನೋಡಿದರೆ ಏನೂ ಅನಿಸುವುದಿಲ್ಲ, ಅದು ಹುಲ್ಲು ನೋಡಿದ ಹಾಗೆ ನಮ್ಮನ್ನೂ ನೋಡುತ್ತದೆ. ಇದು ಲೆಕ್ಕ ಹಾಕುತ್ತಿತ್ತು.

ನನಗೆ ಅವತ್ತೇ ಹೆದರಿಕೆ ಹತ್ತಿತು. ಹಾಯುವ ಹೋರಿಯ ಮೂಗುದಾರ ಹಿಡಿದವನು ನಾನು. ಊರಲ್ಲಿ ನನಗೆ ಗಟ್ಟಿಗ ಅಂತ ಹೆಸರಿತ್ತು. ಹಂದಿಗೆ ಹೆದರುತ್ತೇನೆ ಅಂತ ಯಾರಿಗೆ ಹೇಳಲಿ? ಹೇಳಲಿಲ್ಲ. ಅತ್ತೆ ಮಾತ್ರ ಮೊದಲ ದಿನವೇ ಕಂಡುಹಿಡಿದಳು. ನಾನು ಗೋಡೆಯ ಆಚೆಯಿಂದ ಕಲಗಚ್ಚು ಸುರಿಯುತ್ತಿದ್ದೆ, ಅರ್ಧ ಬಾನಿಗೆ, ಅರ್ಧ ನೆಲಕ್ಕೆ.

"ಏನ್ ಮಾಪ್ಳೆ, ಅಂದಿಗೆ ಉಣ್ಣಾಕಿಕ್ತಿದ್ದೀಯಾ, ಇಲ್ಲ ಗ್ವಾಡೆಗಾ?"

ಅವಳೇ ನನಗೆ ಕಲಿಸಿದಳು. ಗ್ರಾಮಸೇವಕರು ಒಂದು ಅಚ್ಚಿನ ಕಾಗದ ಕೊಟ್ಟಿದ್ದರು. ನಾನು ಓದಿದ್ದು ಮೂರನೇ ಕ್ಲಾಸು, ಅದರಲ್ಲಿ ಅರ್ಧ ಮಾತು ತಿಳಿಯಲಿಲ್ಲ. ಅತ್ತೆ ಹೇಳಿದ್ದು ತಿಳಿಯಿತು. ಕಡಲೆಕಾಯಿ ಹಿಂಡಿ ಹಾಕು, ಹರಳು ಹಿಂಡಿ ಹಾಕಬೇಡ, ಸಾಯುತ್ತದೆ. ಬಿಳಿ ಹಂದಿಗೆ ಬಿಸಿಲು ಆಗದು, ಚರ್ಮ ಸುಟ್ಟು ಸಿಪ್ಪೆ ಏಳುತ್ತದೆ, ಮಧ್ಯಾಹ್ನಕ್ಕೆ ಕೆಸರು ಮಾಡಿ ಕೊಡು. ಮಲಗುವ ಜಾಗದಲ್ಲಿ ಅದು ಹೇತರೆ ಅದರ ತಪ್ಪಲ್ಲ, ನಿನ್ನ ತಪ್ಪು, ಜಾಗ ಸಾಲದು ಅಂತ ಅರ್ಥ.

ಗೂಡಿಗೆ ಎದೆಯುದ್ದ ಕಲ್ಲಿನ ಗೋಡೆ ಕಟ್ಟಿದೆವು. ಒಂದು ಮರದ ಬಾಗಿಲು, ಹೊರಗಡೆಯಿಂದ ಅಗಳಿ. ಒಳಗೆ ಹೋಗಬೇಕಾದರೆ ಕೈಯಲ್ಲಿ ಹಲಗೆ ಇರಬೇಕು ಅಂದಳು ಅತ್ತೆ. ಹಳೇ ಬಾಗಿಲಿನ ಅರ್ಧ ಕೊಯ್ದು, ಹಿಡಿಯಲು ಎರಡು ತೂತು ಮಾಡಿ ಕೊಟ್ಟಳು.

"ಅಂದಿಗೆ ಎದುರ್ಗೆ ಗ್ವಾಡೆ ಕಂಡ್ರೆ ತಿರೀಕತದ. ಸಂದಿ ಕಂಡ್ರೆ ನುಗ್ತದ. ಅಲ್ಗೆ ನೆಲಕ್ಕೆ ಒತ್ತಿ ಇಡ್ಕ. ಸಂದಿ ಬುಡ್ಬ್ಯಾಡ. ನೀನೇ ಗ್ವಾಡೆ ಆಗ್ಬುಡು."

ನಾನು ಹಲಗೆ ಹಿಡಿದು ಒಳಗೆ ಹೋಗುತ್ತಿದ್ದೆ. ಅವಳು ಜೊತೆಯಲ್ಲಿದ್ದರೆ ಮಾತ್ರ. ಒಬ್ಬನೇ ಇದ್ದಾಗ ಗೋಡೆ ಆಚೆಯಿಂದ ಎಲ್ಲ ಕೆಲಸ ಮುಗಿಸುತ್ತಿದ್ದೆ. ಅದು ಬಾನಿಯಿಂದ ಮೂತಿ ಎತ್ತಿ ನನ್ನನ್ನು ನೋಡುತ್ತಿತ್ತು… ಬಾಯಲ್ಲಿ ಹಿಟ್ಟಿನ ನೊರೆ.

ಅತ್ತೆಯ ಕರೀ ಗಂಡು ಹಂದಿಯನ್ನು ತಂದು ಬಿಟ್ಟೆವು. ಗಬ್ಬ ಕಟ್ಟಿತು. "ನಾಕ್ನೇ ಅಮಾಸೆ ದಾಟದಿಲ್ಲ" ಅಂತ ಅತ್ತೆ ಲೆಕ್ಕ ಹೇಳಿದಳು. "ಬಾಯಲ್ಲಿ ಉಲ್ಲು ಕಚ್ಕಂಡು ತಿರುಗ್ತಾ ಇದ್ರೆ, ಮೊಲೆ ಇಂಡುದ್ರೆ ಆಲು ಬಂದ್ರೆ, ನನ್ನ ಕೂಗು. ಇಗರ್ಜೀಲಿದ್ರೂ ಬಂದು ಕೂಗು. ದ್ಯಾವ್ರು ಏನೂ ಅನ್ಕಳಲ್ಲ, ಅವ್ನು ಉಟ್ಟಿದ್ದೂ ಕೊಟ್ಗೇಲೆ."

ಅದು ಒಂದು ಭಾನುವಾರ. ಬೆಳಕು ಹರಿಯುವಾಗಲೇ ಹಂದಿ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಮೂಲೆಗೆ ಹಾಕುತ್ತಿತ್ತು. ನಾನು ನೋಡಿದೆ. ಇನ್ನೂ ಹೊತ್ತಿದೆ ಅಂದುಕೊಂಡೆ. ಮೊಲೆ ಹಿಂಡಿ ನೋಡಬೇಕಿತ್ತು. ಅದಕ್ಕೆ ಒಳಗೆ ಹೋಗಬೇಕು. ಹೋಗಲಿಲ್ಲ. ಆಮೇಲೆ ಅತ್ತೆಯ ಮನೆಗೆ ಹೋದೆ, ಬಾಗಿಲು ಹಾಕಿತ್ತು. ಇಗರ್ಜಿಗೆ ಹೊರಟುಹೋಗಿದ್ದಳು. ವಾಪಸ್ಸು ಬರುವಷ್ಟರಲ್ಲಿ ಮರಿಗಳು ಬೀಳುತ್ತಿದ್ದವು.

ಒಂದಾದ ಮೇಲೆ ಒಂದು, ಹನ್ನೊಂದು. ಹಂದಿ ಸುಮ್ಮನೆ ಮಲಗಿತ್ತು. ಅಷ್ಟು ದಿನ ನಾನು ಹೆದರಿದ ಹಂದಿ ಇದೇನಾ ಅನ್ನುವ ಹಾಗೆ.

ಹಂದಿ ಬಂದಾಗಿನಿಂದ ಅವ್ವ ಆ ಗೂಡಿನ ಕಡೆ ತಿರುಗಿ ನೋಡಿರಲಿಲ್ಲ. ಅವತ್ತು ಬಂದಳು. ಗೋಡೆ ಮೇಲಿಂದ ಬಗ್ಗಿ ಮರಿ ನೋಡಿದಳು. ಕೆಂಪಗೆ, ಕೂದಲಿಲ್ಲದೆ, ಕಣ್ಣು ಪಿಳಿಪಿಳಿ. ಅವಳ ಮುಖವೇ ಬದಲಾಯಿತು.

"ಅಯ್ಯೋ ಸಿವನೆ, ಕೂಸಿದ್ದಂಗೇ ಅವಲ್ಲಾ… ಇಂಗೇ ಮೈಲಿಗೇಲಿ ಬುಟ್ಟೀಯಲ್ಲಾ ಮೂದೇವಿ. ಎತ್ಕೊಡ್ಲಾ ಇತ್ಲಾಗಿ."

ನಮ್ಮ ಮನೆಯಲ್ಲಿ ಹಸು ಈದರೆ ಅವ್ವ ಕರುವಿಗೆ ಬಿಸಿನೀರಿಗೆ ಅರಿಶಿನ ಹಾಕಿ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಆಮೇಲೆ ಹಾಲಿಗೆ ಬಿಡುವುದು. ಅವಳ ಅವ್ವನೂ ಹಾಗೇ ಮಾಡಿದ್ದು. ಹುಟ್ಟಿದ್ದಕ್ಕೆ ಅರಿಶಿನ ಮುಟ್ಟಿಸದೆ ಬಿಡಬಾರದು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹಂದಿ ಸುಸ್ತಾಗಿ ಮಲಗಿತ್ತು. ನಾನು ಹೊಂಚುಹಾಕಿ, ಉಸಿರು ಬಿಗಿಹಿಡಿದು, ಹನ್ನೊಂದು ಮರಿಯನ್ನೂ ಮಂಕರಿಗೆ ಎತ್ತಿ ಹೊರಗೆ ತಂದೆ. ಒಲೆಗೆ ನೀರು ಇಟ್ಟವನೂ ನಾನೇ. ಅವ್ವ ಒಂದೊಂದನ್ನೇ ಅರಿಶಿನದ ನೀರಲ್ಲಿ ತಿಕ್ಕಿ ತೊಳೆದು, ತನ್ನ ಹಳೇ ಸೀರೆಯಲ್ಲಿ ಒರೆಸಿ, ವಿಭೂತಿ ಇಟ್ಟಳು. ಹಳದಿ ಹಳದಿ ಮರಿಗಳು. ಇಬ್ಬರೂ ನಕ್ಕೆವು.

ನಾನು ಗೋಡೆ ಮೇಲಿಂದ ಬಗ್ಗಿ ಎರಡು ಮರಿಯನ್ನು ಹುಲ್ಲಿನ ಮೇಲೆ ಬಿಟ್ಟೆ. ಹಂದಿ ಎದ್ದಿತು. ಮೂಸಿತು. ಹುಫ್ ಅಂತ ಉಸಿರು ಬಿಟ್ಟಿತು. ಆಮೇಲೆ ಒಂದೇ ಬಾಯಿ.

ಎರಡನೆಯದು ಓಡಲು ನೋಡಿತು. ಅದಕ್ಕಿನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ…

ಮೂಳೆ ಮುರಿಯುವ ಸದ್ದು ನನಗೆ ಈಗಲೂ ಕೇಳುತ್ತದೆ. ಅವ್ವ ಬಾಯಿ ಬಡಿದುಕೊಂಡು, "ರಾಕ್ಸಿ, ಎತ್ ಮಕ್ಳನ್ನೇ ತಿಂತಲ್ಲೋ" ಅಂತ ಕೂಗಿದಳು. ಮಂಕರಿಯಲ್ಲಿ ಇನ್ನೂ ಒಂಬತ್ತಿದ್ದವು. ನಾನು ಮಾರ್ಟಳ್ಳಿಗೆ ಓಡಿದೆ. ಇಗರ್ಜಿಯ ಬಾಗಿಲಲ್ಲಿ ನಿಂತೆ, ಒಳಗೆ ಹೋಗುವುದೋ ಬೇಡವೋ ತಿಳಿಯಲಿಲ್ಲ. ಪಾದ್ರಿ ಪೂಜೆ ಮಾಡುತ್ತಿದ್ದರು. ಅತ್ತೆ ತಿರುಗಿ ನನ್ನ ಮುಖ ನೋಡಿದಳು. ಮಂಡಿಯೂರಿದ್ದವಳು ಎದ್ದು ಶಿಲುಬೆಯ ಗುರುತು ಮಾಡಿಕೊಂಡು ಬಂದುಬಿಟ್ಟಳು. ದಾರಿಯುದ್ದಕ್ಕೂ ಇಬ್ಬರೂ ಓಡಿದೆವು. ಅವಳು ಇಗರ್ಜಿಗೆ ಉಡುವ ಹಸಿರು ಸೀರೆ ಉಟ್ಟಿದ್ದಳು.

ಬಂದವಳೇ ಒಂದು ಮರಿ ಎತ್ತಿ ಮೂಸಿದಳು.

"ಅರಿಸ್ನ! ಯಾರ್ ಮದ್ವೆ ಮಾಡ್ತಿದ್ರಿ ಅವ್ವ ಮಗ ಸೇರ್ಕಂಡು?"

"ಕರುಗೆ ಮಾಡ್ದಂಗೇ ಮಾಡ್ದೆ ಕಣಕ್ಕ…" ಅಂತ ಅವ್ವ ಅತ್ತಳು.

"ಅಳ್ಬ್ಯಾಡ. ಅಂದಿ ಮಕ್ಳ ಗುರ್ತು ಇಡ್ಯದು ಕಣ್ಣಲ್ಲಿ ಅಲ್ಲ, ಮೂಗಲ್ಲಿ. ಮೈವಾಸ್ನೆ ತೊಳ್ದಾಕ್ಬುಟ್ರಲ್ಲ, ಇವು ಯಾರ್ ಮಕ್ಳು ಅಂತ ಅದ್ಕೇನ್ ಗೊತ್ತು? ಇಲಿ ಅನ್ಕತು. ಬೇವಿನೆಣ್ಣೆ ಅದಾ ಮನೇಲಿ?"

ಬೇವಿನೆಣ್ಣೆ ಇತ್ತು. ಅವಳು ಒಂಬತ್ತು ಮರಿಗೂ ಮೂತಿಯಿಂದ ಬಾಲದವರೆಗೆ ಎಣ್ಣೆ ತಿಕ್ಕಿದಳು. ಅದೇ ಎಣ್ಣೆಯನ್ನು ಹಂದಿಯ ಮೂತಿಗೂ ಬಳಿಯಬೇಕು. ಆಗ ಅದಕ್ಕೆ ತನ್ನ ಮೂಗಿನ ವಾಸನೆ, ಮರಿಗಳ ವಾಸನೆ ಒಂದೇ ಆಗುತ್ತದೆ, ಬೇರೆ ಅನಿಸುವುದಿಲ್ಲ. ಬಳಿದು, ಮಲಗಿಸಿ, ಮರಿಗಳನ್ನು ಮೊಲೆಗೆ ಹಚ್ಚಬೇಕು. ಮೊದಲ ಹಾಲು ಮಧ್ಯಾಹ್ನದೊಳಗೆ ಹೊಟ್ಟೆಗೆ ಬೀಳದಿದ್ದರೆ ಒಂಬತ್ತೂ ಸಾಯುತ್ತವೆ ಅಂದಳು. ಆಗಲೇ ಎರಡು ತಲೆ ಎತ್ತುತ್ತಿರಲಿಲ್ಲ.

ಅಪ್ಪ ಹನೂರಿಗೆ ಹೋಗಿದ್ದ. ಹಂದಿಗೆ ಕುಡಿಸಲು ಬಿಸಿ ಅಂಬಲಿ ಕಾಯಿಸು ಅಂತ ಅತ್ತೆ ಅವ್ವನನ್ನು ಒಳಗೆ ಕಳಿಸಿದಳು. ಗೂಡಿನ ಹತ್ತಿರ ಉಳಿದವರು ನಾವಿಬ್ಬರು.

"ಅಲ್ಗೆ ತಕ" ಅಂದಳು.

ನಾನು ತೆಗೆದುಕೊಂಡೆ. ಅವಳು ಸೀರೆ ಎತ್ತಿ ಕಟ್ಟಿ, ಮಂಕರಿ ಸೊಂಟಕ್ಕಿಟ್ಟುಕೊಂಡು, ಎಣ್ಣೆ ಬಟ್ಟಲು ಹಿಡಿದು ಒಳಗೆ ನಡೆದಳು. ನಾನು ಹಿಂದೆ.

ಹಂದಿ ಮೂಲೆಯಲ್ಲಿ ನಿಂತಿತ್ತು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಹಲ್ಲು ಕಟಕಟ ಅನ್ನುತ್ತಿತ್ತು. ಅತ್ತೆ ಗಂಟಲಲ್ಲಿ "ಉಂ… ಉಂ…" ಅಂತ ಸದ್ದು ಮಾಡಿದಳು. ಹಾಲುಣಿಸುವಾಗ ತಾಯಿ ಹಂದಿ ಮಾಡುವ ಸದ್ದು ಅದು. ಅದು ಕಿವಿ ಆಡಿಸಿತು. ನಾನು ಹಲಗೆ ನೆಲಕ್ಕೆ ಒತ್ತಿ, ಅದರ ತಲೆಗೂ ಅತ್ತೆಗೂ ನಡುವೆ ನಿಂತೆ. ಅವಳು ಹಲಗೆಯ ಪಕ್ಕದಿಂದ ಕೈ ಚಾಚಿ ಮೂತಿಗೆ ಎಣ್ಣೆ ಬಳಿದಳು. ಒಂದು ಸಲ. ಎರಡು ಸಲ. ಬಿಸಿ ಉಸಿರು ನನ್ನ ಮೊಣಕಾಲಿಗೆ ಹೊಡೆಯುತ್ತಿತ್ತು. ಸರಿಯಾಗುತ್ತಿದೆ ಅಂತ ನನಗೂ ಅನಿಸಿತು.

ಆಗ ಮಂಕರಿಯಲ್ಲಿ ಒಂದು ಮರಿ ಕಿರುಚಿತು.

ಹಂದಿ ನುಗ್ಗಿತು. ಹಲಗೆ ನನ್ನ ಎದೆಗೆ ಬಡಿಯಿತು. ಬಿಗಿಯಾಗಿ ಹಿಡಿದಿದ್ದರೆ ತಡೆಯುತ್ತಿತ್ತು. ಒಂದೇ ಏಟು, ಅಷ್ಟೇ. ಹೋರಿ ಇನ್ನೂ ಜೋರಾಗಿ ಗುದ್ದಿದ್ದುಂಟು. ನಾನು ಹಲಗೆ ಬಿಟ್ಟೆ. ಬಿಟ್ಟು ಓಡಿದೆ. ಬಾಗಿಲು ದಾಟಿದೆ. ದಾಟಿ, ಬಾಗಿಲು ಎಳೆದು, ಅಗಳಿ ಹಾಕಿದೆ.

ಅತ್ತೆ ಒಳಗಿದ್ದಳು.

ಯೋಚಿಸಿ ಹಾಕಿದ್ದಲ್ಲ. ಕೈ ಹಾಕಿತು ಅಂತ ಹೇಳಬಹುದು. ಆದರೆ ಆಮೇಲೆ ನನಗೆ ಬುದ್ಧಿ ಬಂತು, ಅವಳು ಒಳಗಿದ್ದಾಳೆ ಅಂತ ಗೊತ್ತಾಯಿತು. ಆಗಲೂ ತೆಗೆಯಲಿಲ್ಲ. ಅಗಳಿಯ ಮೇಲೆ ಕೈ ಇಟ್ಟುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಒಳಗೆ ಬಟ್ಟೆ ಹರಿಯುವ ಸದ್ದು. ಕಲ್ಲಿಗೆ ಏನೋ ಬಡಿದ ಸದ್ದು. ಅತ್ತೆ ಒಂದು ಸಲ "ಮಾದಾವೇ" ಅಂದಳು, ಮೇರಿ ಮಾತೆಯನ್ನು ಅವರು ಕರೆಯುವುದು ಹಾಗೆ. ಕಿರುಚಲಿಲ್ಲ. ಕಿರುಚಿದ್ದರೆ ನಾನು ತೆಗೆಯುತ್ತಿದ್ದೆನೋ ಏನೋ… ಗೊತ್ತಿಲ್ಲ. ತೆಗೆಯುತ್ತಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಎಷ್ಟು ಹೊತ್ತೋ. ಆಮೇಲೆ "ಉಂ… ಉಂ…" ಕೇಳಿತು. ಅವಳದೇ ದನಿ, ಒಡೆದ ದನಿ. ನಿಂತಿತು. ಮತ್ತೆ ಬಂತು. ಕೊನೆಗೆ ಹಂದಿಯೂ ಅದೇ ಸದ್ದು ಮಾಡಿತು. ಧೊಪ್ ಅಂತ ಮೈ ಚೆಲ್ಲಿತು. ಚಪ್ ಚಪ್ ಅಂತ ಮರಿಗಳು ಹಾಲು ಎಳೆಯುವುದು ಕೇಳಿತು.

"ಮಾಪ್ಳೆ, ಈಗ ತೆಗಿ."

ತೆಗೆದೆ. ಅವಳು ಗೋಡೆ ಹಿಡಿದು ಬಂದಳು. ಬಲತೊಡೆಯಿಂದ ಮಂಡಿಯವರೆಗೆ ಸೀರೆ ಕರ್ರಗಾಗಿತ್ತು. ಸೆರಗು ಹರಿದು ತಾನೇ ಬಿಗಿದು ಕಟ್ಟಿಕೊಂಡಿದ್ದಳು. ಹಿಂದೆ ಒಂಬತ್ತು ಮರಿಗಳು ಸಾಲಾಗಿ ಮೊಲೆ ಕಚ್ಚಿದ್ದವು. ಅವ್ವ ಅಂಬಲಿ ಗಡಿಗೆ ಹಿಡಿದು ಬಂದವಳು ಕಂಡು ಗಡಿಗೆ ಬಿಟ್ಟಳು.

"ಏನಾಯ್ತಕ್ಕ!"

"ಕಚ್ತು ಕಣವ್ವ. ಅಂದಿ ಅಲ್ವ, ಮುದ್ದಾಡ್ತದಾ?" ಅಂದಳು ಅತ್ತೆ. ನನ್ನ ಕಡೆ ನೋಡಲಿಲ್ಲ.

ಗಾಡಿ ಕಟ್ಟಿ ಹನೂರಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಬಸ್ಸಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ. ಗಾಡಿಯಲ್ಲಿ ಅವಳು ಹುಲ್ಲಿನ ಮೇಲೆ ಮಲಗಿದ್ದಳು, ಹಿಂದೆ ಅವ್ವ ಅವಳ ಕಾಲು ಹಿಡಿದು ಕೂತಿದ್ದಳು. ನಾನು ಬಾಯಿ ತೆಗೆದೆ, "ಅತ್ತೆ, ನಾನು…"

"ಮುಂದ್ಕೆ ನೋಡ್ಕಂಡು ಒಡಿ. ಗಾಲಿ ಕಲ್ಲತ್ತದ."

ಆ ಎಂಟು ದಿನ ಹೇಗೆ ಕಳೆದೆನೋ. ಮೊದಲ ಹೆದರಿಕೆ, ಅವಳು ಸಾಯುತ್ತಾಳೆ ಅಂತ. ಧನುರ್ವಾಯು ಬರಬಹುದು, ದವಡೆ ಕಚ್ಚಿಕೊಂಡರೆ ಮುಗಿಯಿತು ಅಂತ ಕಾಂಪೌಂಡರ್ ಹೇಳಿದ್ದ. ಮೂರನೇ ದಿನ ಜ್ವರ ಇಳಿಯಿತು ಅಂತ ಸುದ್ದಿ ಬಂತು. ಆಗ ಎರಡನೇ ಹೆದರಿಕೆ ಶುರುವಾಯಿತು, ಅವಳು ಬದುಕಿ ಬಂದು ಹೇಳುತ್ತಾಳೆ ಅಂತ. ಎರಡರಲ್ಲಿ ಯಾವುದು ದೊಡ್ಡದಿತ್ತು ಅಂತ ನನ್ನನ್ನು ಕೇಳಬೇಡಿ.

ಕೊಡಗಿನಿಂದ ಅವಳ ಮಗ ಬಂದ. ಆಸ್ಪತ್ರೆಯಲ್ಲಿ ತನ್ನ ಅವ್ವನನ್ನು ನೋಡಿಕೊಂಡು ನೇರ ನಮ್ಮ ಮನೆಗೇ ಬಂದ. ದೂರದಿಂದ ಕಂಡೆ, ಎತ್ತರದ ಆಳು, ದಾಪುಗಾಲು ಹಾಕಿ ಬರುತ್ತಿದ್ದ. ನಾನು ಹುಲ್ಲಿನ ಮೆದೆಯ ಹಿಂದೆ ಅಡಗಿದೆ. ನನ್ನನ್ನು ಕೇಳುತ್ತಿದ್ದ. ಎಲ್ಲೋ ಹೋಗಿದ್ದಾನೆ ಅಂತ ನಮ್ಮವ್ವ ಹೇಳಿದಳು. ಅವನು ಬಹಳ ಹೊತ್ತು ಕಾದು ಹೋದ. ಮೈಯೆಲ್ಲ ಹುಲ್ಲು ತುರಿಸುತ್ತಿದ್ದರೂ ನಾನು ಅಲ್ಲಾಡಲಿಲ್ಲ.

ಒಂಬತ್ತನೇ ದಿನ ಅತ್ತೆ ಕೋಲೂರಿಕೊಂಡು ನಮ್ಮ ಗೂಡಿನ ಹತ್ತಿರ ಬಂದಳು.

"ಅಲ್ ಕತ್ರಿಸ್ದಾ?"

ಕತ್ತರಿಸಿರಲಿಲ್ಲ. ಹಂದಿಮರಿಗೆ ಹುಟ್ಟುವಾಗಲೇ ಸೂಜಿಯಂಥ ಹಲ್ಲಿರುತ್ತವೆ, ಮೊದಲ ದಿನವೇ ಇಕ್ಕಳದಲ್ಲಿ ಕತ್ತರಿಸಬೇಕು. ಇಲ್ಲದಿದ್ದರೆ ಮೊಲೆ ಗಾಯವಾಗಿ ತಾಯಿ ಹಾಲು ಕೊಡುವುದಿಲ್ಲ. ಅವತ್ತಿಂದ ನಾನು ಒಳಗೆ ಕಾಲಿಟ್ಟಿರಲಿಲ್ಲ. ಅವ್ವನೇ ಗೋಡೆ ಆಚೆಯಿಂದ ಹಿಟ್ಟು ಸುರಿಯುತ್ತಿದ್ದಳು. ಹಂದಿ ಆಗಲೇ ಮರಿಗಳನ್ನು ಒದರಿ ಒದರಿ ಏಳುತ್ತಿತ್ತು.

"ಅಲ್ಗೆ ಎಲ್ಲದ?"

"ಒಳ್ಗೇ ಅದ."

"ಓಗಿ ಎತ್ಕ. ಇವತ್ತೇ ಕತ್ರಿಸ್ಬೇಕು. ನಾನ್ ಕತ್ರಿಸ್ತೀನಿ, ನೀನ್ ಇಡ್ಕ."

"ಅತ್ತೆ, ಬೇರೆ ಯಾರ್ನಾದ್ರೂ…"

"ಯಾರ್ನ? ಗ್ರಾಮಸೇವಕ್ರ್ನಾ? ಬಾ ಮಾಪ್ಳೆ, ಹೊತ್ತಾಯ್ತದ."

ಒಂಬತ್ತು ಮರಿ. ಒಂದೊಂದರ ಕಿರುಚಾಟವೂ ಹಂದಿಯ ಕಿವಿಗೆ ಬೀಳುವಂಥ ಕೆಲಸ. ಒಂದು ಮರಿ ಕಿರುಚಿದ್ದಕ್ಕೆ ಓಡಿದವನನ್ನು ಕರೆದು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದಳು. ತಾನು ಒಂದು ಕಾಲು ಎಳೆಯುತ್ತಾ ನನ್ನ ಹಿಂದೆ ಕೂತಳು. ಓಡಬೇಕೆಂದರೂ ಅವಳಿಂದ ಓಡಲು ಆಗುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಹಂದಿ ನಾಲ್ಕು ಸಲ ನುಗ್ಗಿತು. ಮೂರನೇ ಸಲ ನನ್ನ ಮಂಡಿ ಚಿಪ್ಪು ಹಲಗೆಗೆ ಸಿಕ್ಕಿ ಕಣ್ಣು ಕತ್ತಲಾಯಿತು. ಲುಂಗಿಯಲ್ಲೇ ಉಚ್ಚೆ ಹೋಯಿತು. ಹಲಗೆ ಬಿಡಲಿಲ್ಲ. ಹಿಂದಿನಿಂದ ಅವಳು ಎಣಿಸುತ್ತಿದ್ದಳು, ತಮಿಳಲ್ಲಿ, ಅಂಜು… ಆರು… ಏಳು… ಅವಸರವೇ ಇಲ್ಲದ ಹಾಗೆ. ಒಂಬತ್ತು ಮುಗಿದ ಮೇಲೆ ಇಬ್ಬರೂ ಹಿಂದು ಹಿಂದಕ್ಕೆ ನಡೆದು ಹೊರಗೆ ಬಂದೆವು. ಅಗಳಿ ಅವಳೇ ಹಾಕಿದಳು. ನನ್ನ ಲುಂಗಿ ನೋಡಿದಳು.

"ಓಗಿ ಈಜಾಡ್ಕಂಡು ಬಾ. ಬಾನಿ ನೀರು ಚೆಲ್ತು ಅಂತ ಏಳು ನಿಮ್ಮವ್ವುಂಗೆ."

ಆ ಒಂಬತ್ತೂ ಬದುಕಿದವು. ಈಗ ನನ್ನ ಹತ್ತಿರ ಇರುವುದು ಅವುಗಳ ಸಂತತಿಯೇ. ಆಮೇಲೆ ಎಷ್ಟೋ ಸಲ ಹಂದಿ ಮರಿ ಹಾಕಿದವು, ಅತ್ತೆ ಇದ್ದಳು, ನಾನು ಹಲಗೆ ಹಿಡಿದೆ. ಅವಳು ಕುಂಟುವುದು ನಿಲ್ಲಲಿಲ್ಲ. ದಿಬ್ಬದಿಂದ ಇಳಿದು ಬರುವಾಗ ಆ ಕಾಲು ಸ್ವಲ್ಪ ಹೊರಗೆ ಬೀಸುತ್ತಿತ್ತು. ಅದನ್ನು ನೋಡದೆ ಇರಲು ನಾನು ಬೇರೆ ಏನಾದರೂ ಕೆಲಸ ಹುಡುಕುತ್ತಿದ್ದೆ.

ಕ್ಷಮಿಸು ಅಂತ ಕೇಳಿಲ್ಲ. ಒಂದು ಸಲ ಮಾತ್ರ, ಜಗಲಿ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು, ಧೈರ್ಯ ಮಾಡಿದೆ.

"ಅತ್ತೆ, ಅವತ್ತು ನಾನು ಅಗಳಿ ಆಕ್ಬುಟ್ಟೆ."

"ಒಳ್ಳೇದಾಯ್ತು. ಇಲ್ದಿದ್ರೆ ಅಂದಿ ಆಚ್ಗೆ ಓಡ್ಬುಡದು" ಅಂದು ಉಗುಳಿದಳು.

ಅದು ಸಮಾಧಾನವೋ, ಚಪ್ಪಲಿ ಏಟೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಅವಳ ಮುಂದೆ ನಾನು ಗಟ್ಟಿಗನ ಹಾಗೆ ನಡೆಯಬೇಕಾಗಿರಲಿಲ್ಲ. ಹೆದರಿಕೆ ಆಗ್ತದೆ ಅತ್ತೆ ಅನ್ನಬಹುದಿತ್ತು. "ಆಗ್ಲಿ ಬುಡು, ಅಲ್ಗೆ ಬುಡ್ಬ್ಯಾಡ" ಅನ್ನುತ್ತಿದ್ದಳು. ಬೇರೆ ಯಾರ ಮುಂದೆಯೂ ನಾನು ಆ ಮಾತು ಆಡಿಲ್ಲ, ಹೆಂಡತಿಯ ಮುಂದೆಯೂ.

ಹೋದ ವರ್ಷ ಅವಳು ಸತ್ತಳು. ಎರಡು ದಿನ ಎದೆನೋವು ಅಂದಳು, ಮೂರನೇ ದಿನ ಏಳಲಿಲ್ಲ. ಮಗ ಬಂದ. ಅವನು ಊರಿಗೆ ಬಂದಾಗೆಲ್ಲ ತಪ್ಪಿಸಿಕೊಳ್ಳುತ್ತಿದ್ದ ನಾನು ಹಿಂದೆ ನಿಂತಿದ್ದೆ. ಪೆಟ್ಟಿಗೆ ಎತ್ತುವ ಹೊತ್ತಿಗೆ ಅವನು ಜನರನ್ನು ಸರಿಸಿಕೊಂಡು ಬಂದು ನನ್ನ ರಟ್ಟೆ ಹಿಡಿದ. ಕೈ ಬಿಗಿಯಾಗಿತ್ತು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅನಿಸಿತು.

"ಇವ್ನೇ" ಅಂದ ಎಲ್ಲರ ಮುಂದೆ. "ನಮ್ಮವ್ವುನ್ನ ಅಂದಿ ಬಾಯಿಂದ ಎಳ್ಕಂಡ್ ಬಂದೋನು ಇವ್ನೇ. ಆಸ್ಪತ್ರೇಲಿ ಅವ್ವ ಏಳ್ತು, ಅವ್ನಿಲ್ದಿದ್ರೆ ನಾನಿಲ್ಲ ಅಂತ. ಅವತ್ತು ಮನೆ ತಂಕ ಬಂದೆ 'ಕೈ ಮುಗಿಯವಾ' ಅಂತ. ಸಿಗ್ಲಿಲ್ಲ. ಇವತ್ತು ನೀನೊಂದು ಎಗಲು ಕೊಡು."

ನಾನು ಹೆಗಲು ಕೊಟ್ಟೆ. ದಿಬ್ಬದಿಂದ ಇಗರ್ಜಿಯವರೆಗೆ ಒಂದೂವರೆ ಮೈಲಿ, ಬೇರೆಯವರು ಬದಲಾದರು, ನಾನು ಬದಲಾಗಲಿಲ್ಲ. ಜನ ಅದನ್ನೂ ದೊಡ್ಡದಾಗಿ ಹೇಳಿಕೊಂಡರು.

ಈಗ ಅವನು ತೋಟದ ಕೆಲಸ ಬಿಟ್ಟು ಊರಿಗೇ ಬಂದಿದ್ದಾನೆ. ತನ್ನ ಅವ್ವನ ಹಂದಿ ತಾನೇ ಸಾಕುತ್ತೇನೆ ಅನ್ನುತ್ತಾನೆ. ಅವನಿಗೆ ಹಂದಿಯ ವಿಷಯ ಏನೂ ಗೊತ್ತಿಲ್ಲ. ಅಲ್ಲಿ ಒಂದು ಹೆಣ್ಣು ಹಂದಿ ತುಂಬು ಗಬ್ಬ, ಈ ವಾರದಲ್ಲಿ ಈಯುತ್ತದೆ. ಮೊನ್ನೆ ನಾನು ಹುಣಸೆ ಮರದ ಕೆಳಗೆ ನಿಂತಿದ್ದನ್ನು ಕಂಡು ಇಳಿದು ಬಂದ. ಮರಿ ಹಾಕುವ ದಿನ ಒಳಗೆ ನೀನು ನನ್ನ ಜೊತೆ ಇರಬೇಕು ಅಂದ.

ಆಗ ಹೇಳಿದೆ. ಎಲ್ಲ ಹೇಳಿದೆ. ಹಲಗೆ ಬಿಟ್ಟದ್ದು, ಓಡಿದ್ದು, ಅಗಳಿ ಹಾಕಿದ್ದು, ಹಾಕಿ ತೆಗೆಯದೆ ನಿಂತದ್ದು, ಮೆದೆಯ ಹಿಂದೆ ಅಡಗಿದ್ದು.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ.

"ಬುಡ್ಲಾ. ನಮ್ಮವ್ವ ಸುಳ್ಳೇಳೋಳಾ? ಪಾದ್ರಿಗೇ ಎದುರುತ್ರ ಕೊಡೋಳು. ನೀನು ದೊಡ್ಡ ಮನ್ಸ ಅಂತ ಗೊತ್ತು, ಇಂಗೆಲ್ಲ ಏಳಿ ಸಣ್ಣೋನಾಗ್ಬ್ಯಾಡ."

"ಮಾದಪ್ಪನಾಣೆಗೂ ಓಡ್ದೆ ಕಣ್ಲಾ."

"ಓಡ್ದೋನು ಒಂದೂವರೆ ಮೈಲಿ ಎಗಲು ಕೊಡ್ತಾನಾ? ಓಗ್ಲಾ. ನೀನ್ ಜೊತೇಲಿದ್ರೆ ನಂಗ್ಯಾವ್ ಎದ್ರಿಕೆ?" ಅಂದು ಬೆನ್ನು ತಟ್ಟಿ ಹೋದ.

ಅವನಿಗೆ ಹೆದರಿಕೆ ಇಲ್ಲ. ಅದೇ ನನಗೆ ಹೆದರಿಕೆ. ನಾಳೆಯೋ ನಾಡಿದ್ದೋ ಅವನು ನನ್ನ ಹಿಂದೆ ಹಂದಿಗೆ ಬೆನ್ನು ಮಾಡಿ ನಿಶ್ಚಿಂತೆಯಾಗಿ ಕೂರುತ್ತಾನೆ. ಇವನು ಓಡುವವನು, ಒಂದು ಕಣ್ಣು ಇವನ ಮೇಲೂ ಇಟ್ಟಿರು ಅಂತ ಯಾರಾದರೂ ಅವನಿಗೆ ಹೇಳಬೇಕು. ನಾನು ಹೇಳಿದರೆ ನಂಬುವುದಿಲ್ಲ. ಹೇಳಿದರೆ ಅವನು ನಂಬುವಂಥವಳು ಒಬ್ಬಳಿದ್ದಳು. ಮಾರ್ಟಳ್ಳಿ ಇಗರ್ಜಿಯ ಹಿಂದೆ ಮಲಗಿದ್ದಾಳೆ.